ಕೊಟ್ಟ ಮಾತೇ ಪತ್ತು

ಮನುಷ್ಯನ ಬೆಲೆ ಅವನ ಗಂಟಿನಿಂದ ತಿಳಿಯುವುದಿಲ್ಲ. ಕೊಟ್ಟ ಮಾತನ್ನು ನಡೆಸಿಕೊಡುವ ರೀತಿಯಿಂದ ತಿಳಿಯುತ್ತದೆ. ನಮ್ಮ ಹಿರಿಯರು ಬಿತ್ತನೆಗೆ ಜೋಳ ಕಡ ತಂದರೆ, ಸುಗ್ಗಿಯಲ್ಲಿ ರಾಶಿ ಮನೆಗೆ ಬರುವ ಮೊದಲೇ ಕಣದಲ್ಲಿ ಅದನ್ನು ಅಳೆದು ಕೊಡುತ್ತಿದ್ದರು. 'ಇವನು ಕೊಡುವ ಮನುಷ್ಯ' ಎಂಬ ಊರಿನ ಒಂದು ಮಾತೇ ಅವರ ಆಸ್ತಿಯಾಗಿತ್ತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಈ ನಂಬಿಗೆಯ ಮೇಲೆಯೇ. ಇಂಥ ಸಂಘಗಳಿಗೆ 'ಪತ್ತಿನ ಸಂಘ' ಎಂಬ ಹೆಸರುಂಟಷ್ಟೆ! ಪತ್ತು ಎಂದರೆ ಬರೀ ಸಾಲವಲ್ಲ, ನಂಬಿಗೆ.

ಈಚೆಗೆ ಶ್ರೀಮಠಕ್ಕೆ ಹಿರಿಯ ಭಕ್ತರೊಬ್ಬರು ಬಂದು, ನಮಸ್ಕರಿಸಿ ಮೌನವಾಗಿ ಕುಳಿತರು. ವಿಚಾರಿಸಲು ಕಣ್ಣೀರು ತಂದರು. ಮೊಮ್ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದರಂತೆ. ಅಲ್ಲಿಯವರು, 'ನಿಮ್ಮ ಹೆಸರಿನ ಮೇಲೆ ಬಾಕಿ ತೋರಿಸುತ್ತಿದೆ' ಎಂದು ಅರ್ಜಿಯನ್ನು ಹಿಂದಿರುಗಿಸಿದರು. ಆರು ವರುಷದ ಹಿಂದೆ ಸಂಬಂಧಿಕನೊಬ್ಬನ ಟ್ರ್ಯಾಕ್ಟರ್ ಸಾಲಕ್ಕೆ ಇವರು ಜಾಮೀನು ಹಾಕಿದ್ದರು. ಅವನು ಕಂತು ನಿಲ್ಲಿಸಿದ್ದ. 'ಅಜ್ಜಾರ, ನಾ ಯಾರದೂ ಒಂದು ರೂಪಾಯಿ ತಿಂದಾಂವಲ್ಲ. ನನ್ನ ಸಹಿನ ನನ್ನ ಮೊಮ್ಮಗಳಿಗೆ ಅಡ್ಡ ಬಂತಲ್ರಿ' ಎಂದು ಹಲುಬಿದರು.

ಭಕ್ತರೇ, ಕಾಲ ಬದಲಾಗಿದೆ. ಊರಿನ ಕಟ್ಟೆಯ ಮೇಲೆ ಆಗುತ್ತಿದ್ದ ಮಾತು ಇಂದು ಲೆಕ್ಕದ ಯಂತ್ರದಲ್ಲಿ ಆಗುತ್ತಿದೆ. 2000ರಲ್ಲಿ ಸಿಬಿಲ್ ಎಂಬ ಸಂಸ್ಥೆ ಹುಟ್ಟಿತು. 2005ರಲ್ಲಿ ಅಂಥ ಸಂಸ್ಥೆಗಳಿಗೆಂದೇ ಕಾಯ್ದೆ ಬಂತು. ಈಗ ದೇಶದಲ್ಲಿ ಇಂಥ ನಾಲ್ಕು ಸಂಸ್ಥೆಗಳಿವೆ. ಬೆಳೆಸಾಲ, ಬಂಗಾರದ ಸಾಲ, ಕಂತಿನ ಮೇಲೆ ಕೊಂಡ ಮೊಬೈಲು, ಹಾಕಿದ ಜಾಮೀನು ಎಲ್ಲವೂ ಅಲ್ಲಿ ದಾಖಲಾಗಬಲ್ಲವು. ಅದನ್ನು ತೂಗಿ 300ರಿಂದ 900ರೊಳಗೆ ಒಂದು ಅಂಕ ಕೊಡುತ್ತಾರೆ. ಈ ಅಂಕ ಜಾತಿ ಕೇಳುವುದಿಲ್ಲ, ಎಷ್ಟು ಎಕರೆ ಹೊಲವೆಂದೂ ಕೇಳುವುದಿಲ್ಲ. ಪಡೆದದ್ದನ್ನು ಹೇಳಿದ ದಿನಕ್ಕೆ ಕೊಟ್ಟೆಯಾ ಎಂದೇ ಮುಖ್ಯವಾಗಿ ಕೇಳುತ್ತದೆ. ಮೂವತ್ತು ಎಕರೆಯ ಗೌಡನಿಗಿಂತ, ಕಂತು ತಪ್ಪಿಸದ ಕೂಲಿಯ ಹೆಣ್ಣುಮಗಳ ಅಂಕ ಮೇಲಿರಬಹುದು. ಇದರಲ್ಲಿ ಒಂದು ನ್ಯಾಯವಿದೆ ಎಂದೇ ನಮ್ಮ ಭಾವನೆ.

ಹಾಗಾದರೆ ಗೃಹಸ್ಥರು ಹೇಗೆ ನಡೆದುಕೊಳ್ಳಬೇಕು? ಮೊದಲನೆಯದು, ಕಂತನ್ನು ಗಡುವಿನೊಳಗೆ ಕಟ್ಟಬೇಕು. ಸಾಲ ಮನ್ನಾ ಆದೀತೆಂದು ಕೈಯಲ್ಲಿ ಹಣವಿದ್ದೂ ಕಟ್ಟದಿರುವುದು ಜಾಣತನವಲ್ಲ. ಎರಡನೆಯದು, ಅಷ್ಟಿಷ್ಟು ಕೊಟ್ಟು 'ಸೆಟ್ಲ್‌ಮೆಂಟ್' ಮಾಡಿಕೊಂಡರೆ ಸಾಲ ಮುಗಿದಂತೆ ಕಂಡರೂ, ಪೂರ್ತಿ ತೀರಿಸಲಿಲ್ಲವೆಂಬ ಗುರುತು ದಾಖಲೆಯಲ್ಲಿ ಉಳಿಯುತ್ತದೆ. ಮೂರನೆಯದು, ಸಾಲ ತೀರಿದ ದಿನವೇ 'ಬಾಕಿ ಇಲ್ಲ' ಎಂಬ ಪತ್ರ ಪಡೆದು ಹೊಲದ ಕಾಗದದ ಜೊತೆಗೆ ಜೋಪಾನವಾಗಿಡಬೇಕು. ನಾಲ್ಕನೆಯದು, ಜಾಮೀನು ಎಂಬುದು ಮುಲಾಜಿನ ಸಹಿಯಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದ ಹೊರತು, ಸಾಲಗಾರನಿಗೆ ಇರುವಷ್ಟೇ ಹೊಣೆ ಜಾಮೀನುದಾರನಿಗೂ ಉಂಟು. ಅವನು ಕೊಡದಿದ್ದರೆ ನಾನು ಕೊಡಬಲ್ಲೆನೇ ಎಂದು ಕೇಳಿಕೊಂಡು ಸಹಿ ಹಾಕಿರಿ.

ದಾಖಲೆ ಬರೆಯುವವರೂ ಮನುಷ್ಯರೇ; ತಪ್ಪು ಆಗುವುದುಂಟು. ಪ್ರತಿಯೊಂದು ಸಂಸ್ಥೆಯಿಂದ ವರುಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಓದಿದ ಮಕ್ಕಳಿಂದ ಅದನ್ನು ತೆಗೆಸಿ ನೋಡಿರಿ. ತಪ್ಪಿದ್ದರೆ ದೂರು ಕೊಡಿರಿ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ.

ಬ್ಯಾಂಕಿನವರಿಗೂ ನಮ್ಮದೊಂದು ಮಾತಿದೆ. ಅಂಕ ಮನುಷ್ಯನ ನಡತೆಯ ಒಂದು ನೆರಳು ಮಾತ್ರ, ಅದೇ ಮನುಷ್ಯನಲ್ಲ. ಮಳೆ ಕೈಕೊಟ್ಟು ಕಂತು ತಪ್ಪಿಸಿದವನೂ, ಇಸ್ಪೀಟು ಆಡಿ ಕಂತು ತಪ್ಪಿಸಿದವನೂ ಯಂತ್ರಕ್ಕೆ ಒಂದೇ ಆದರೂ ಧರ್ಮಕ್ಕೆ ಒಂದೇ ಅಲ್ಲ. ಪ್ರಕೃತಿ ವಿಕೋಪದಲ್ಲಿ ಬೆಳೆಸಾಲದ ಅವಧಿ ಮುಂದೂಡಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿಯೇ ಅವಕಾಶವುಂಟು. ಅಧಿಕಾರಿಗಳು ಅದನ್ನು ರೈತನಿಗೆ ತಾವಾಗಿ ತಿಳಿಸಬೇಕು. ರೈತನೂ ಮುಖ ಮರೆಸಿಕೊಂಡು ತಿರುಗದೆ, ಗಡುವಿಗೆ ಮೊದಲೇ ಹೋಗಿ ಕಷ್ಟ ಹೇಳಿಕೊಳ್ಳಬೇಕು. ಕಷ್ಟ ಹೇಳುವುದರಲ್ಲಿ ಅಪಮಾನವಿಲ್ಲ. ತಲೆ ತಪ್ಪಿಸುವುದರಲ್ಲಿ ಇದೆ.

ಇದಕ್ಕೆಲ್ಲ ಮೂಲ, ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಹೊಲಕ್ಕೆ, ಎತ್ತಿಗೆ, ಮಕ್ಕಳ ವಿದ್ಯೆಗೆ ಮಾಡಿದ ಸಾಲ ದುಡಿದು ತೀರುತ್ತದೆ. ನೆರೆಯವನಿಗಿಂತ ದೊಡ್ಡ ಪೆಂಡಾಲು ಹಾಕಿಸಲು ಮಾಡಿದ ಸಾಲ ತೀರುವುದು ಹೊಲ ಮಾರಿದಾಗಲೇ. ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುವುದು ಬಡವರಿಗೆಂದಷ್ಟೇ ಅಲ್ಲ. ಉಳ್ಳವರೂ ಬರಲಿ, ದುಂದು ನಿಲ್ಲಲಿ ಎಂದು. ಕಾಯಕದಿಂದ ಗಳಿಸಿದ್ದನ್ನು ಉಳಿಸಿಕೊಳ್ಳುವುದೂ ಕಾಯಕವೇ.

ಆ ಹಿರಿಯರ ಸಂಬಂಧಿಕನನ್ನು ನಾವು ಕರೆಸಿ ಮಾತಾಡಿಸಿದೆವು. ತಲೆ ತಗ್ಗಿಸಿ ಒಪ್ಪಿಕೊಂಡ. ಕಡಲೆ ಮಾರಿದ ಹಣದಲ್ಲಿ ಬಾಕಿ ಕಟ್ಟುತ್ತಿದ್ದಾನೆ. ಕೆಟ್ಟ ಹೆಸರು ಒಂದು ದಿನದಲ್ಲಿ ಹೋಗುವುದಿಲ್ಲ. ತಪ್ಪದ ಕಂತುಗಳಿಂದ ಮೆಲ್ಲಗೆ ತೊಳೆದುಹೋಗುತ್ತದೆ. ಹಿರಿಯರು, 'ಇನ್ನ ಯಾರಿಗೂ ಸಹಿ ಮಾಡೂದಿಲ್ರಿ' ಎಂದರು. 'ಹಾಗನ್ನಬೇಡಿ. ಒಬ್ಬರಿಗೊಬ್ಬರು ನಿಲ್ಲದಿದ್ದರೆ ಊರು ಊರಾಗಿ ಉಳಿಯದು. ಸಹಿ ಮಾಡಿರಿ, ಆದರೆ ತಿಳಿದು ಮಾಡಿರಿ, ಮಾಡಿದ ಮೇಲೆ ವರುಷಕ್ಕೆರಡು ಸಲ ವಿಚಾರಿಸಿರಿ' ಎಂದು ಹೇಳಿ ಕಳುಹಿಸಿದೆವು.

ನಿಮ್ಮೆಲ್ಲರ ಮಾತೂ ಪತ್ತೂ ಒಂದಾಗಿರಲಿ. ಮನೆಗಳಲ್ಲಿ ಸಾಲದ ಚಿಂತೆಯಿಲ್ಲದ ನಿದ್ದೆ ನೆಲೆಸಲಿ. ಸರ್ವರಿಗೂ ಸನ್ಮಂಗಲವಾಗಲಿ.