ಬಿಯರ್ ಐದು ನಿಮಿಷಕ್ಕೆ, ಮಗುವಿನ ಅನ್ನ ಐವತ್ತು ನಿಮಿಷಕ್ಕೆ!

ಭಾನುವಾರ ಬಂತೆಂದರೆ ‘ಇವತ್ತು ಅಡುಗೆಗೆ ರಜಾ’ ಅನ್ನುವ ಮನೆಗಳು ಈಗ ಹೆಚ್ಚು. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ವಾರವಿಡೀ ಕುಕ್ಕರ್ ಸೀಟಿ ಎಣಿಸಿದವಳಿಗೆ ಒಂದು ಹೊತ್ತಾದರೂ ಯಾರೋ ಬಡಿಸಿದ್ದನ್ನು ಕೂತು ಉಣ್ಣುವ ಆಸೆ. ತಪ್ಪೇನಿಲ್ಲ ಬಿಡಿ. ಆದರೆ ಒಂದು ಮಾತು ಕೇಳ್ತೀನಿ. ಪುಟ್ಟ ಮಕ್ಕಳನ್ನು ಕರೆದುಕೊಂಡು ಹೊರಗೆ ಊಟಕ್ಕೆ ಹೋದ ದಿನ ನೀವು ನಿಜವಾಗಿ ಕೂತು, ಬಿಸಿಬಿಸಿಯಾಗಿ ಉಂಡದ್ದು ಯಾವಾಗ? ಸ್ವಲ್ಪ ನೆನಪು ಮಾಡಿಕೊಳ್ಳಿ...

ಕಳೆದ ತಿಂಗಳು ನನ್ನ ತಂಗಿಯ ಗಂಡನ ಹುಟ್ಟುಹಬ್ಬ ಇತ್ತು. ಬೆಂಗಳೂರಿನ ಒಂದು ದೊಡ್ಡ ಪಬ್ಬಿನಲ್ಲಿ ಮಧ್ಯಾಹ್ನದ ಊಟ. ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಕೊಡ್ತಾರಲ್ಲ, ಅಂಥದ್ದು. ‘ಅಯ್ಯೋ, ಮಕ್ಕಳನ್ನ ಕರ್ಕೊಂಡು ಪಬ್ಬಿಗಾ?’ ಅಂತ ಹುಬ್ಬೇರಿಸಬೇಡಿ. ಇಂಥ ಎಷ್ಟೋ ಜಾಗಗಳಿಗೆ ಭಾನುವಾರ ಮಧ್ಯಾಹ್ನ ಅಜ್ಜ, ಅಜ್ಜಿ, ಮೊಮ್ಮಕ್ಕಳ ಸಮೇತ ಜನ ಬರ್ತಾರೆ. ಹೋಗುವ ಮುಂಚೆ ತಂಗಿ ಫೋನ್ ಮಾಡಿ, ‘ಆರು ಜನ ಬರ್ತೀವಿ, ಅದರಲ್ಲಿ ಇಬ್ಬರು ಮಕ್ಕಳು, ಒಂದಕ್ಕೆ ನಾಲ್ಕು ವರ್ಷ, ಇನ್ನೊಂದು ಎಂಟು ತಿಂಗಳ ಕೂಸು’ ಅಂತ ಬಿಡಿಸಿ ಹೇಳಿದ್ದಳು. ‘ಮೋಸ್ಟ್ ವೆಲ್‌ಕಮ್ ಮೇಡಂ’ ಅಂದಿದ್ದರು.

ಹೋಗಿ ನೋಡಿದರೆ ನಮಗಿಟ್ಟ ಟೇಬಲ್ ಎದೆಯೆತ್ತರದ್ದು, ಸುತ್ತ ಎತ್ತರದ ಬಾರ್ ಸ್ಟೂಲುಗಳು. ಬೆನ್ನಿಗೆ ಒರಗಿಲ್ಲ. ನಾಲ್ಕು ವರ್ಷದ ಹುಡುಗಿಯನ್ನು ಅದರ ಮೇಲೆ ಹೇಗೆ ಕೂರಿಸೋದು ಹೇಳಿ? ತಲೆಯ ಮೇಲೇ ಸ್ಪೀಕರ್ ಬೇರೆ. ತಗ್ಗಿನ ಟೇಬಲ್ ಕೇಳಿದರೆ ‘ಎಲ್ಲಾ ರಿಸರ್ವ್ಡ್’ ಎಂಬ ಉತ್ತರ. ಕಣ್ಣೆದುರೇ ಇದ್ದ ಆ ಮೂರು ಟೇಬಲ್‌ಗಳು ಮುಂದಿನ ಒಂದು ಗಂಟೆ ಖಾಲಿ ಬಿದ್ದಿದ್ದವು. ಮಕ್ಕಳ ಕುರ್ಚಿ ಇಡೀ ಪಬ್ಬಿಗೆ ಒಂದೇ ಅಂತೆ. ಬಂತು, ನೋಡಿದರೆ ಅದರ ಬೆಲ್ಟ್ ಕಿತ್ತುಹೋಗಿತ್ತು. ತಂಗಿ ತನ್ನ ದುಪಟ್ಟಾ ಬಿಚ್ಚಿ ಕೂಸಿನ ಸೊಂಟಕ್ಕೆ ಕಟ್ಟಿದಳು.

ಗಂಡಸರು ಹೇಳಿದ ಬಿಯರ್ ಐದೇ ನಿಮಿಷದಲ್ಲಿ ಬಂತು. ಮಗುವಿಗೆ ಬೇಕಿದ್ದದ್ದು ಒಂದು ತಟ್ಟೆ ಬಿಳಿ ಅನ್ನ, ಸ್ವಲ್ಪ ಮೊಸರು. ‘ಖಾರ ಹಾಕದೇ ಇರೋದು ಏನಾದ್ರೂ ಬೇಗ ಕೊಡಿ, ಮಗು ಹಸಿದಿದೆ’ ಅಂತ ಮೂರು ಸಲ ಹೇಳಿದ್ದಾಯ್ತು. ಅನ್ನ ಬಂದದ್ದು ಐವತ್ತು ನಿಮಿಷದ ಮೇಲೆ. ಅದೂ ಒಣಮೆಣಸಿನಕಾಯಿ ಚೂರು ಚೂರು ಮಾಡಿ ಉದುರಿಸಿದ ಫ್ರೈಡ್ ರೈಸ್! ಹಸಿವು, ನಿದ್ದೆ, ಆ ಸದ್ದು, ಎಲ್ಲಾ ಸೇರಿ ಹುಡುಗಿ ರಂಪ ತೆಗೆದಳು. ಅನ್ನ ತರೋದಕ್ಕೆ ಬಾರದ ಮ್ಯಾನೇಜರ್ ಆಗ ಓಡಿ ಬಂದರು. ‘ಮೇಡಂ, ಬೇರೆ ಗೆಸ್ಟ್‌ಗಳಿಗೆ ಡಿಸ್ಟರ್ಬ್ ಆಗ್ತಿದೆ, ಪಾಪುನ ಸ್ವಲ್ಪ ಹೊರಗೆ ಕರ್ಕೊಂಡು ಹೋಗ್ತೀರಾ?’

ಗಮನಿಸಿ, ಮಾತು ಹೇಳಿದ್ದು ತಂಗಿಗೆ. ಪಕ್ಕದಲ್ಲೇ ಕೂತಿದ್ದ ಮಗುವಿನ ಅಪ್ಪನಿಗಲ್ಲ! ತಂಗಿ ಸುಮ್ಮನೆ ಎದ್ದು ಹೋದಳು. ಕೂಸಿಗೆ ಡೈಪರ್ ಬದಲಿಸೋಕೆ ವಾಷ್‌ರೂಮಿನಲ್ಲಿ ಒಂದು ಹಲಗೆಯೂ ಇಲ್ಲ, ಕಾರಿನ ಹಿಂದಿನ ಸೀಟಿನಲ್ಲಿ ಮುಗಿಸಿದಳು. ವಾಪಸ್ ಬರುವ ಹೊತ್ತಿಗೆ ಅವಳ ತಟ್ಟೆಯ ಊಟ ತಣ್ಣಗಾಗಿತ್ತು, ಬಿಲ್ ಬಂದಿತ್ತು. ಬಿಲ್ಲಿನಲ್ಲಿ ಒಂದು ಸಾಲು: ಸರ್ವಿಸ್ ಚಾರ್ಜ್ ಶೇ. 10. ನಾನು ‘ಯಾವ ಸರ್ವಿಸಿಗೆ?’ ಅಂತ ಬಾಯಿ ತೆಗೆಯುವಷ್ಟರಲ್ಲಿ ತಂಗಿಯ ಗಂಡ, ‘ಹೋಗ್ಲಿ ಬಿಡಿ ಅಕ್ಕ, ಹುಟ್ಟುಹಬ್ಬದ ದಿನ ಯಾಕೆ ಜಗಳ’ ಅಂತ ಕಾರ್ಡ್ ಕೊಟ್ಟೇಬಿಟ್ಟರು.

ಅಲ್ರೀ, ಆ ದಿನ ನಾವು ಯಾಕೆ ಬಾಯಿ ಮುಚ್ಚಿಕೊಂಡಿದ್ದೆವು? ಮನೆಗೆ ಬಂದ ಮೇಲೆ ತಂಗಿ ಹೇಳಿದ್ದು ಇಷ್ಟೇ: ‘ಜೋರು ಮಾಡಿದ್ರೆ, ಮಗೂನ ಪಬ್ಬಿಗೆ ಯಾಕೆ ತಂದ್ರಿ ಅಂತ ನನ್ನನ್ನೇ ಕೇಳ್ತಾರಲ್ಲ ಅಕ್ಕ.’ ನಿಜ, ಆ ಅಳುಕು ನಮಗೆ ಸುಮ್ಮನೆ ಬಂದದ್ದಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದದ್ದನ್ನು ಟೀವಿಯಲ್ಲಿ ಕಂಡ ತಲೆಮಾರು ನಮ್ಮದು. ಅಂಥ ಜಾಗದಲ್ಲಿ ಹೆಂಗಸು ಕಾಲಿಟ್ಟದ್ದೇ ತಪ್ಪು ಅನ್ನುವವರು ಇನ್ನೂ ಇದ್ದಾರೆ. ಕೂಸನ್ನು ಎತ್ತಿಕೊಂಡು ಹೋದವಳಿಗಂತೂ ತಪ್ಪಿನ ಮೇಲೆ ತಪ್ಪು. ಹಾಗಾಗಿ ತಾಯಂದಿರು ಕೆಟ್ಟ ಸೇವೆಯನ್ನು ತಮ್ಮದೇ ತಪ್ಪು ಅಂತ ನುಂಗಿಕೊಂಡು ಬರ್ತಾರೆ. ಗಲ್ಲಾದಲ್ಲಿ ಕೂತವರಿಗೂ ಇದು ಚೆನ್ನಾಗಿ ಗೊತ್ತು.

ಒಂದು ವಿಷಯ ಸ್ಪಷ್ಟ ಮಾಡ್ತೀನಿ. ‘ನಮ್ಮಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ’ ಅಂತ ಒಂದು ಪಬ್ ಬೋರ್ಡ್ ಹಾಕಿದರೆ ನನ್ನ ತಕರಾರಿಲ್ಲ. ನಮ್ಮ ರಾಜ್ಯದ ಅಬಕಾರಿ ನಿಯಮದ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆ ರಗಳೆಯೇ ಬೇಡ ಅಂತ ಕೆಲವರು 21ರ ಒಳಗಿನವರನ್ನು ಬಾಗಿಲಲ್ಲೇ ನಿಲ್ಲಿಸ್ತಾರೆ. ಕೆಲವರು ಹಗಲು ಹೊತ್ತು ಅಪ್ಪ ಅಮ್ಮನ ಜೊತೆ ಬಿಟ್ಟು ಸಂಜೆಯಾದ ಮೇಲೆ ಬೇಡ ಅಂತಾರೆ. ದೊಡ್ಡವರಿಗೆ ಗದ್ದಲವಿಲ್ಲದ ಒಂದು ಜಾಗ ಬೇಕು ಅನ್ನೋದೂ ನ್ಯಾಯವೇ. ಆದರೆ ಬಾಗಿಲು ತೆರೆದು ‘ವೆಲ್‌ಕಮ್’ ಅಂದ ಮೇಲೆ, ಆರು ಜನರ ಟೇಬಲ್ ಕೊಟ್ಟು ಆರ್ಡರ್ ಬರೆದುಕೊಂಡ ಮೇಲೆ, ಆ ನಾಲ್ಕು ವರ್ಷದವಳೂ ಗಿರಾಕಿಯೇ. ‘ಬೇಡ’ ಅನ್ನೋದಾದರೆ ಬಾಗಿಲಲ್ಲೇ ಹೇಳಬೇಕು, ಅರ್ಧ ಊಟದಲ್ಲಲ್ಲ.

ಇದು ಪಬ್ಬಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಹೆದ್ದಾರಿಯುದ್ದಕ್ಕೂ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಬೋರ್ಡ್‌ಗಳನ್ನು ನೋಡಿರ್ತೀರಿ. ಆ ‘ಫ್ಯಾಮಿಲಿ’ ಅನ್ನೋ ಪದ ನಂಬಿ ಒಳಗೆ ಹೋದರೆ ಸಿಗೋದು ಒಂದು ಪ್ಲೈವುಡ್ ಅಡ್ಡಗೋಡೆ, ಮಂದ ದೀಪ, ಹಿಂದಿನ ಗಿರಾಕಿಯ ಸಿಗರೇಟಿನ ವಾಸನೆ. ನಮ್ಮ ಹಳೆಯ ಉಡುಪಿ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಂ’ ಅಂತ ಇರ್ತಿತ್ತು, ನೆನಪಿದೆಯಾ? ಅಲ್ಲಿ ಮಗು ಕಂಡ ಕೂಡಲೇ ಮಾಣಿ ಕೇಳದೇನೇ ಬಿಸಿ ಇಡ್ಲಿಯೊಂದನ್ನು ಪುಟ್ಟ ತಟ್ಟೆಯಲ್ಲಿ ತಂದಿಟ್ಟು, ‘ಸಾಂಬಾರ್ ಬೇಡ ಅಲ್ವಾ ಅಮ್ಮ, ಸಕ್ಕರೆ ತರ್ಲಾ?’ ಅಂತಿದ್ದ. ಅದಕ್ಕೆ ಸರ್ವಿಸ್ ಚಾರ್ಜ್ ಇರಲಿಲ್ಲ. (ಆ ಮಾಣಿಗಳಿಗೆ ಸಂಬಳವೂ ಸರಿಯಾಗಿ ಇರಲಿಲ್ಲ ಅನ್ನೋದು ಬೇರೆ ಮಾತು.)

ಪಬ್ಬಿನ ತವರಾದ ಬ್ರಿಟನ್ನಿನಲ್ಲಿ ಹೇಗೆ? ‘ಪಬ್’ ಅಂದರೆ ಪಬ್ಲಿಕ್ ಹೌಸ್, ಊರವರೆಲ್ಲ ಸೇರುವ ಮನೆ. ಇಂಗ್ಲೆಂಡಿನ 2003ರ ಲೈಸೆನ್ಸಿಂಗ್ ಕಾಯಿದೆಯ ಪ್ರಕಾರ 16ರೊಳಗಿನ ಮಕ್ಕಳು ದೊಡ್ಡವರ ಜೊತೆಗಿದ್ದರೆ ಪಬ್ಬಿಗೆ ಬರಬಹುದು, ಒಂಟಿಯಾಗಿ ಬರುವಂತಿಲ್ಲ. ಎಷ್ಟು ಗಂಟೆಯವರೆಗೆ ಮಕ್ಕಳು ಇರಬಹುದು ಅನ್ನುವುದನ್ನು ಎಷ್ಟೋ ಪಬ್‌ಗಳು ಬಾಗಿಲ ಬಳಿಯೇ ಬರೆದು ಹಾಕಿರ್ತವೆ. ಅಲ್ಲಿ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯುತ್ತೆ ಅಂತಲ್ಲ, ಮಕ್ಕಳನ್ನು ಕಂಡು ಮುಖ ಸಿಂಡರಿಸುವವರು ಅಲ್ಲೂ ಇದ್ದಾರೆ. ನನಗೆ ಇಷ್ಟವಾದದ್ದು ಸ್ಕಾಟ್ಲೆಂಡಿನ 2005ರ ಕಾಯಿದೆ. ಐದು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವ ಪಬ್ಬಿನಲ್ಲಿ ಡೈಪರ್ ಬದಲಿಸುವ ವ್ಯವಸ್ಥೆ ಇರಲೇಬೇಕು, ಅದೂ ಗಂಡಸರು ಹೆಂಗಸರು ಇಬ್ಬರಿಗೂ ಸಿಗುವ ಹಾಗೆ! ಅಪ್ಪನಿಗೂ ಆ ಕೆಲಸ ಇದೆ ಅಂತ ಕಾನೂನೇ ಒಪ್ಪಿಕೊಂಡಿದೆ ನೋಡಿ.

ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ನಾವು ಕೈ ಕಟ್ಟಿ ಕೂರಬೇಕಾಗೂ ಇಲ್ಲ. ಮೊದಲು ಆ ಸರ್ವಿಸ್ ಚಾರ್ಜ್ ವಿಷಯಕ್ಕೆ ಬರೋಣ. ಅದು ಸರ್ಕಾರದ ತೆರಿಗೆ ಅಂತ ಇವತ್ತಿಗೂ ಎಷ್ಟೋ ಜನ ನಂಬಿದ್ದಾರೆ. ಅಲ್ಲವೇ ಅಲ್ಲ. ಜಿಎಸ್‌ಟಿ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರೇ ಹಾಕಿಕೊಂಡದ್ದು. ಯಾವುದೇ ಹೋಟೆಲ್ ಇದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಸಂಘಗಳು ದಿಲ್ಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅದರ ಮೇಲೆ ಅವರು ಮೇಲ್ಮನವಿಗೂ ಹೋದರು. ನೀವು ಮಾತ್ರ ಬಿಲ್ ಬಂದ ಕೂಡಲೇ ಮೆತ್ತಗೆ, ಆದರೆ ಗಟ್ಟಿಯಾಗಿ ಹೇಳಿ: ‘ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ.’ ಬಡಿಸಿದ ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ಅವನ ಕೈಗೇ ಟಿಪ್ಸ್ ಕೊಡಿ. ನಮ್ಮ ಟೇಬಲ್‌ಗೆ ಬರ್ತಿದ್ದ ಹುಡುಗ ಇನ್ನೂ ಮೀಸೆ ಚಿಗುರದವನು, ಒಬ್ಬನೇ ಎಂಟೋ ಹತ್ತೋ ಟೇಬಲ್ ನೋಡ್ತಿದ್ದ. ಅವನನ್ನು ಬೈದು ಏನು ಪ್ರಯೋಜನ?

ಆ ದಿನ ನಮ್ಮ ಟೇಬಲ್ ಮೇಲೊಂದು ಆಶ್‌ಟ್ರೇ ಕೂಡ ಇತ್ತು. ಅದೂ ತಪ್ಪೇ. ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧದ 2008ರ ನಿಯಮದಂತೆ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಏನೂ ಇಡುವಂತಿಲ್ಲ. ಸೇದುವವರಿಗೆ ಪ್ರತ್ಯೇಕ ಕೋಣೆ ಮಾಡಬಹುದು, ಅಷ್ಟೇ. ಪಕ್ಕದ ಟೇಬಲ್‌ನಿಂದ ಹೊಗೆ ಬಂದರೆ ಮಗುವನ್ನು ಎತ್ತಿಕೊಂಡು ನೀವು ಜಾಗ ಬದಲಿಸಬೇಡಿ, ಮ್ಯಾನೇಜರನ್ನು ಕರೆಯಿರಿ.

ಕೂಸಿಗೆ ಹಾಲೂಡಿಸಬೇಕಾದಾಗ ‘ಇಲ್ಲಿ ಬೇಡ’ ಅಂತ ಕಣ್ಣು ಬಿಡುವವರೂ ಇರ್ತಾರೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಜಾಗಗಳಲ್ಲಿ ಹಾಲೂಡಿಸುವ ಕೋಣೆಗಳ ಬಗ್ಗೆ ತೀರ್ಪು ಕೊಡುವಾಗ, ತಾಯಿ ಹೊರಗೆ ಮಗುವಿಗೆ ಹಾಲೂಡಿಸುವುದನ್ನು ಕಳಂಕದಂತೆ ಕಾಣಬಾರದು ಅಂತ ಹೇಳಿದೆ. ಆ ಪೀಠದಲ್ಲಿ ಇದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಪ್ಪಣೆ ಕೇಳುವ ಪ್ರಶ್ನೆಯೇ ಇಲ್ಲ, ಶಾಲು ಹೊದ್ದು ಊಡಿಸಿ.

ಮಗುವಿಗೆ ಕಡಲೆಕಾಯಿ, ಹಾಲು, ಮೊಟ್ಟೆ ಇಂಥವು ಒಗ್ಗದಿದ್ದರೆ ಆರ್ಡರ್ ಕೊಡುವಾಗಲೇ ಹೇಳಿ, ಅಡುಗೆಮನೆಗೆ ಕೇಳಿಕೊಂಡು ಬರೋಕೆ ಕಳಿಸಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಬೇರೆ ಕಡೆ ನಿಮ್ಮ ಬಾಯೇ ಗತಿ.

ಇನ್ನು ನಮ್ಮ ಕಡೆಯ ತಪ್ಪು. ಇಲ್ಲ ಅನ್ನಬೇಡಿ, ಇದೆ. ಉರಿಯುವ ಸಿಜ್ಲರ್ ತಟ್ಟೆ ಹಿಡಿದು ಮಾಣಿ ಬರ್ತಿರುವ ಜಾಗದಲ್ಲಿ ಮಕ್ಕಳನ್ನು ಓಡಾಡೋಕೆ ಬಿಟ್ಟು ಹರಟೆ ಹೊಡೆಯುವ ಅಪ್ಪ ಅಮ್ಮಂದಿರನ್ನು ನಾನೇ ಕಂಡಿದ್ದೇನೆ. ಒಂದು ಡಿಕ್ಕಿ ಸಾಕು, ಮಗುವಿನ ಮುಖ ಸುಟ್ಟುಹೋಗುತ್ತೆ. ಮೊಬೈಲಿನಲ್ಲಿ ಕಾರ್ಟೂನ್ ಜೋರಾಗಿ ಹಾಕಿ ಕೂರಿಸೋದು, ರಾತ್ರಿ ಹತ್ತಾದರೂ ಎದ್ದೇಳದೇ ಇರೋದು... ಆಗ ಪಕ್ಕದವರು ಗೊಣಗಿದರೆ ಗೊಣಗಲಿ ಬಿಡಿ. ನನ್ನ ಕೇಳಿದರೆ, ಸಣ್ಣ ಮಕ್ಕಳಿದ್ದಾಗ ಪಬ್ಬಿಗೆ ಹೋಗೋದಾದರೆ ಹನ್ನೆರಡೂವರೆಯೊಳಗೆ ಹೋಗಿ ಎರಡಕ್ಕೆ ಏಳಬೇಕು. ಕೂತ ಕೂಡಲೇ ಮೊದಲ ಆರ್ಡರ್ ಮಗುವಿನದು, ಅದು ಬರೋವರೆಗೆ ಉಳಿದದ್ದು ಹೇಳಲೇಬಾರದು. ಬಿಯರ್ ತಡೆದೀತು, ಹಸಿವು ತಡೆಯಲ್ಲ. ಬ್ಯಾಗಿನಲ್ಲೊಂದು ಬಾಳೆಹಣ್ಣು ಇರಲಿ.

ಮತ್ತೆ ಫೋನ್ ಮಾಡುವಾಗ ಬರೀ ‘ಮಕ್ಕಳು ಬರಬಹುದಾ?’ ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ಹೂಂ ಅಂತಾರೆ. ತಗ್ಗಿನ ಟೇಬಲ್ ಕೊಡ್ತೀರಾ, ಮಕ್ಕಳ ಕುರ್ಚಿ ಎಷ್ಟಿವೆ, ಖಾರವಿಲ್ಲದ್ದು ಏನಿದೆ, ಸ್ಪೀಕರಿನಿಂದ ದೂರ ಕೂರಿಸ್ತೀರಾ? ಹೀಗೆ ಬಿಡಿಸಿ ಕೇಳಿ, ಉತ್ತರ ಕೊಟ್ಟವರ ಹೆಸರು ಬರೆದುಕೊಳ್ಳಿ. ಈ ಫೋನನ್ನು ಮನೆಯ ಯಜಮಾನರೇ ಮಾಡಲಿ, ಒಳ್ಳೆಯ ಅಭ್ಯಾಸ.

ಆಮೇಲೂ ಮೋಸವಾದರೆ ಬಿಲ್ ಎಸೆಯಬೇಡಿ, ಫೋಟೋ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಹೇಳಿಕೊಳ್ಳಬಹುದು. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮಗುವಿಗೆ ಅನ್ನ ತಡವಾಯ್ತು ಅಂತ ಕೋರ್ಟು ಮೆಟ್ಟಿಲು ಹತ್ತಿ ಅಂತ ನಾನು ಹೇಳ್ತಿಲ್ಲ. ಬೆಲ್ಟಿಲ್ಲದ ಕುರ್ಚಿಯಿಂದ ಕೂಸು ಬಿದ್ದಿದ್ದರೆ? ಆಗ ಆ ಬಿಲ್ ಬೇಕಾಗ್ತಿತ್ತು.

ನಮ್ಮ ತಂಗಿ ವಾರ ಕಳೆದ ಮೇಲೆ ಧೈರ್ಯ ಮಾಡಿ ಆ ಪಬ್ಬಿನವರಿಗೆ ನಡೆದದ್ದನ್ನೆಲ್ಲ ಬರೆದಳು. ಸ್ಟೂಲು, ಕುರ್ಚಿ, ಮೆಣಸಿನಕಾಯಿ, ಸರ್ವಿಸ್ ಚಾರ್ಜ್, ಒಂದೂ ಬಿಡದೆ. ನಾಲ್ಕನೇ ದಿನ ಉತ್ತರ ಬಂತು. ‘ತೊಂದರೆಗೆ ವಿಷಾದಿಸುತ್ತೇವೆ, ಮುಂದಿನ ಭೇಟಿಯಲ್ಲಿ ಎರಡು ಮಗ್ ಬಿಯರ್ ಉಚಿತ’ ಅಂತ ಕೂಪನ್! ಹಾಲೂಡಿಸುವ ತಾಯಿಗೆ! ಸರ್ವಿಸ್ ಚಾರ್ಜ್ ಬಗ್ಗೆ ಒಂದಕ್ಷರ ಇಲ್ಲ, ಕುರ್ಚಿಯ ಬಗ್ಗೆಯೂ ಇಲ್ಲ. ಅದನ್ನು ಓದಿ ಮೊದಲ ಸಲ ಅವಳ ಗಂಡನಿಗೇ ಸಿಟ್ಟು ಬಂತಂತೆ. ‘ಬಿಲ್ ಎಲ್ಲಿಟ್ಟಿದ್ದೀಯೇ?’ ಅಂತ ಹುಡುಕಿಸಿ, ನಿನ್ನೆ ಆಫೀಸಿನ ಊಟದ ಬಿಡುವಿನಲ್ಲಿ 1915ಕ್ಕೆ ಫೋನ್ ಮಾಡಿದ್ದಾರೆ.