ಸಂಗಮವೆಂಬುದು ಒಂದು ಬಿಂದುವಲ್ಲ

ಶಾಲೆಯ ಭೂಪಟದಲ್ಲಿ ಎರಡು ನೀಲಿ ಗೆರೆಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಒಂದೇ ಗೆರೆ. ಆದರೆ ನದಿಗಳಿಗೆ ಈ ಅವಸರವಿಲ್ಲ.

ಬ್ರೆಜಿಲ್ ದೇಶದ ಮನಾಉಸ್ ನಗರದ ಬಳಿ ಕಪ್ಪುನೀರಿನ ರಿಯೊ ನೀಗ್ರೊ ಮತ್ತು ಕೆಸರುಬಣ್ಣದ ಸೋಲಿಮೋಯಿಸ್ ನದಿಗಳು ಸೇರುತ್ತವೆ. ಸೇರಿದ ಮೇಲೂ ಸುಮಾರು 6 ಕಿಲೋಮೀಟರು ದೂರ ಅವು ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿಯೇ ಹರಿಯುವುದು ಕಣ್ಣಿಗೆ ಕಾಣುತ್ತದೆ. ವೇಗ, ಉಷ್ಣತೆ, ಸಾಂದ್ರತೆಗಳ ವ್ಯತ್ಯಾಸವೇ ಇದಕ್ಕೆ ಕಾರಣ. ಆದರೆ ಆ ಬಣ್ಣಗಳು ನೀರಿನವಲ್ಲ. ಒಂದರದು ಕೊಳೆತ ಎಲೆಗಳ ಕಷಾಯ, ಇನ್ನೊಂದರದು ಆಂಡಿಸ್ ಪರ್ವತದ ಮಣ್ಣು. ಮಣ್ಣು ತಳಕ್ಕಿಳಿದೀತು, ಬಣ್ಣ ಮಾಸೀತು. ಬೆರಕೆ ಎಷ್ಟಾಗಿದೆಯೆಂಬುದಕ್ಕೆ ನೀರೇ ಸಾಕ್ಷಿ ನುಡಿಯಬೇಕು.

ಆ ಸಾಕ್ಷಿ ಐಸೋಟೋಪುಗಳಲ್ಲಿದೆ. ಆಮ್ಲಜನಕದ ಸುಮಾರು 500 ಪರಮಾಣುಗಳಲ್ಲಿ ಒಂದು, 16ರ ಬದಲು 18 ತೂಕದ್ದು. ಮೋಡವು ಬೆಟ್ಟವನ್ನೇರುವಾಗ ಭಾರದ ಅಣುಗಳು ಮುಂಚಿತವಾಗಿ ಮಳೆಯಾಗಿ ಇಳಿಯುತ್ತವೆ. ಎತ್ತರದ ಮಳೆಯಲ್ಲಿ ಅವುಗಳ ಪಾಲು ಕಡಿಮೆ. ಭಾರದ ಆಮ್ಲಜನಕ ಮತ್ತು ಭಾರದ ಜಲಜನಕಗಳ ಪ್ರಮಾಣಗಳು ಜಗತ್ತಿನ ಮಳೆನೀರಿನಲ್ಲಿ ಬಹುಮಟ್ಟಿಗೆ ಒಂದೇ ಸರಳರೇಖೆಯನ್ನು ಅನುಸರಿಸುತ್ತವೆಂದು ಹಾರ್ಮನ್ ಕ್ರೇಗ್ 1961ರಲ್ಲಿ ತೋರಿಸಿದರು. ಹೀಗೆ ನದಿಯ ನೀರು ತನ್ನ ತವರಿನ ಗುರುತನ್ನು ಹೊತ್ತೇ ಬರುತ್ತದೆ.

ಮುಂದಿನದು ನಿಮಗೆಲ್ಲ ಪರಿಚಿತವಾದ ಮಿಶ್ರಣದ ಲೆಕ್ಕ. ಒಂದು ನದಿಯ ಅಂಕ −4, ಇನ್ನೊಂದರದು −8 ಎಂದಿಟ್ಟುಕೊಳ್ಳಿ. ಸಂಗಮದ ಕೆಳಗೆ ತೆಗೆದ ನೀರು −5 ಎಂದರೆ, ಅದರಲ್ಲಿ ಮೊದಲನೆಯದರ ಪಾಲು ಮುಕ್ಕಾಲು, ಎರಡನೆಯದರದು ಕಾಲು. ದಡದಿಂದ ದಡದವರೆಗೆ ಎಲ್ಲೆಡೆಯೂ ಅದೇ ಅಂಕ ದೊರೆತಾಗಲೇ ಬೆರಕೆ ಪೂರ್ಣ.

ಇದು ಕೇವಲ ಪಂಡಿತರ ಕುತೂಹಲವಲ್ಲ. ಉಪನದಿಯೊಂದು ಊರಿನ ಕೊಳಚೆಯನ್ನು ಹೊತ್ತು ತಂದರೆ, ಅದು ಬಹುದೂರ ಒಂದೇ ದಡವನ್ನು ಹಿಡಿದು ಸಾಗಬಹುದು. ಎದುರು ದಡದಲ್ಲಿ ಒಂದು ಬಾಟಲಿ ನೀರು ತುಂಬಿ, ಪರೀಕ್ಷಿಸಿ, ಇಡೀ ನದಿ ಶುದ್ಧವೆಂದು ಸಾರಿದರೆ ಈ ದಡದ ಮಕ್ಕಳ ಗತಿಯೇನು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕೆನ್ನುತ್ತಾರೆ. ಅದು ಒಂದೇ ಹದದಲ್ಲಿ ಬೆಂದ ಪಾತ್ರೆಗೆ ಸಲ್ಲುವ ಮಾತು, ನದಿಗೆ ಸಲ್ಲದು.

ಈ ವಿಧಾನಕ್ಕೂ ಮಿತಿಯುಂಟು. ಎರಡು ನದಿಗಳ ಗುರುತು ಬೇರೆಯಾಗಿದ್ದರೆ ಮಾತ್ರ ಇದು ಫಲಿಸುತ್ತದೆ. ನಮ್ಮ ತುಂಗೆ ಭದ್ರೆಯರು ಗಂಗಾಮೂಲದಲ್ಲೇ ಹುಟ್ಟಿ ಕೂಡ್ಲಿಯಲ್ಲಿ ಸೇರುವ ಸೋದರಿಯರು. ಗುರುತುಗಳು ತೀರ ಹತ್ತಿರವಿದ್ದಲ್ಲಿ ಕರಗಿದ ಲವಣಗಳಂಥ ಬೇರೆ ಸಾಕ್ಷಿಗಳನ್ನೂ ಕೇಳಬೇಕಾಗುತ್ತದೆ.

ನಿಮ್ಮಲ್ಲಿ ಹಲವರು ಇಂದು ಎಂಜಿನಿಯರುಗಳು, ಅಧಿಕಾರಿಗಳು. ಸಂಗಮದ ಕೆಳಗಿನ ನೀರಿನ ವರದಿ ನಿಮ್ಮ ಮುಂದೆ ಬಂದಾಗ, ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿರಿ: ಈ ನೀರನ್ನು ಯಾವ ದಡದಿಂದ ತುಂಬಿದಿರಿ?