ಸೂರ್ಯಾಸ್ತದ ಚಿತ್ರದಲ್ಲಿ ಮನುಷ್ಯರೂ ಇರಲಿ

ಕಾಪುವಿನ ದೀಪಸ್ತಂಭದ ಬಳಿ ಸಂಜೆಯ ಹೊತ್ತು ನಿಂತರೆ ಒಂದೇ ಮಾತು ಹತ್ತಾರು ಬಾಯಿಗಳಿಂದ ಕೇಳಿಬರುತ್ತದೆ: “ಸ್ವಲ್ಪ ಬದಿಗೆ ನಿಲ್ಲಿ, ಫೋಟೋದಲ್ಲಿ ಬರ್ತೀರಿ.” ಬಂಡೆಯ ಮೇಲಿನ ಸ್ತಂಭ, ಅದರ ಹಿಂದೆ ಕೆಂಪು ಸೂರ್ಯ, ನಡುವೆ ನರಮನುಷ್ಯರ ಸುಳಿವಿರಬಾರದು, ಅದೇ ಉತ್ತಮ ಚಿತ್ರವೆಂಬ ನಂಬಿಕೆ ಹೇಗೋ ನಮ್ಮಲ್ಲಿ ಬೇರೂರಿದೆ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಈಗ ಒಪ್ಪಲಾರೆ.

ನಿವೃತ್ತಿಯ ನಂತರ ಹಿಡಿದ ಹುಚ್ಚು ಇದು. ಕಡಲು ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲವೆಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೆನಾದರೂ ಕಣ್ಣಾರೆ ಕಂಡದ್ದು ಇಲ್ಲಿ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಹಗಲಿರುಳು ಸಮವಾಗುವ ದಿನಗಳಲ್ಲಿ, ಆತ ನೇರ ಪಶ್ಚಿಮದಲ್ಲಿರುತ್ತಾನೆ. ಡಿಸೆಂಬರ್ ಕೊನೆಯ ಹೊತ್ತಿಗೆ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ, ಮಳೆಮೋಡ ನೋಡಗೊಟ್ಟರೆ! ಆದ್ದರಿಂದ ಅವನನ್ನು ಸ್ತಂಭದ ಹಿಂದೆಯೇ ಹಿಡಿಯಬೇಕಾದರೆ ನಾವು ನಿಲ್ಲುವ ಜಾಗವನ್ನು ತಿಂಗಳು ತಿಂಗಳಿಗೆ ಬದಲಿಸುತ್ತಿರಬೇಕು. ಬಿಂಬದ ಅಂಚು ನೀರಿಗೆ ತಾಗಿದ ಮೇಲೆ ದೊರೆಯುವುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ.

ಈ ಓಡಾಟದಲ್ಲೆಲ್ಲ ನನ್ನ ಜೊತೆಗಿದ್ದವರು ನಮ್ಮ ಶಾಲೆಯಲ್ಲಿಯೇ ಹಿಂದಿ ಕಲಿಸುತ್ತಿದ್ದ ಪಂಡಿತರು. ಬಿಸಿಲಿರಲಿ, ಮಳೆಯಿರಲಿ, ಕೈಯಲ್ಲಿ ಮರದ ಹಿಡಿಯ ಕೊಡೆ. “ಪಂಡಿತರೇ, ಸ್ವಲ್ಪ ಬದಿಗೆ” ಎಂದೊಡನೆ ಸರಿದು ನಿಲ್ಲುವರು. “ಮಾಷ್ಟ್ರೇ, ಇದೇ ಸೂರ್ಯನನ್ನು ಮೊನ್ನೆಯೂ ತೆಗೆದಿದ್ದಿರಲ್ಲ?” ಎಂದು ನಗುವರು.

ಅವರು ತೀರಿಕೊಂಡು ಎರಡು ವರ್ಷಗಳಾದವು. ತಂದೆಯ ಸಹಜವಾದ ಭಾವಚಿತ್ರವೊಂದು ಬೇಕೆಂದು ಅವರ ಮಗಳು ಕೇಳಿದಳು. ನನ್ನಲ್ಲಿದ್ದ ನಾನೂರಕ್ಕೂ ಮಿಕ್ಕಿದ ಚಿತ್ರಗಳನ್ನು ಎರಡು ರಾತ್ರಿ ಕುಳಿತು ನೋಡಿದೆ. ಒಂದರಲ್ಲಿಯೂ ಅವರಿರಲಿಲ್ಲ. ಎಲ್ಲದರಲ್ಲಿಯೂ ಸೂರ್ಯನಿದ್ದ. ಯಾವುದು ಯಾವ ವರ್ಷದ ಸೂರ್ಯನೆಂದು ನನಗೇ ಹೇಳಲಾಗಲಿಲ್ಲ.

1901ರಲ್ಲಿ ಈ ಸ್ತಂಭವನ್ನು ಕಟ್ಟಿದ್ದು ಕಡಲಿನಲ್ಲಿರುವ ಮನುಷ್ಯರಿಗೆ ದಡ ತೋರಿಸಲಿಕ್ಕೆ. ಅದರ ಚಿತ್ರದಿಂದ ಮನುಷ್ಯರನ್ನೇ ಹೊರಗಟ್ಟುವುದು ವಿಚಿತ್ರವಲ್ಲವೇ? ಬಲೆ ಒಟ್ಟುಮಾಡುವವರು, ಚರುಮುರಿ ಮಾರುವವರು, ಮೊಮ್ಮಗುವನ್ನು ಎತ್ತಿಕೊಂಡ ಅಜ್ಜಿ, ಇವರೆಲ್ಲ ಚಿತ್ರವನ್ನು ಕೆಡಿಸುವರೆಂದು ನನಗೀಗ ತೋರುವುದಿಲ್ಲ. ಹಾಗೆಂದು ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ಅಲೆಗೆ ಬೆನ್ನು ಮಾಡಿ ನಿಂತು ತಮ್ಮನ್ನೇ ತಾವು ತೆಗೆದುಕೊಳ್ಳುವವರ ಪರ ನಾನು ವಾದಿಸುತ್ತಿಲ್ಲ. ಅವರನ್ನು ಈಗಲೂ ಗದರಿಸುತ್ತೇನೆ, ಹಳೆಯ ಅಭ್ಯಾಸ.

ಕೊನೆಗೆ ಒಂದು ಚಿತ್ರದ ಎಡ ಅಂಚಿನಲ್ಲಿ ಕೊಡೆಯ ಹಿಡಿ ಮತ್ತು ಅದನ್ನು ಹಿಡಿದ ಮೂರು ಬೆರಳುಗಳು ಕಂಡವು. ಕತ್ತರಿಸಬೇಕೆಂದುಕೊಂಡು ಮರೆತಿದ್ದ ಚಿತ್ರ ಅದು. ಮುದ್ರಿಸಿ ಕೊಟ್ಟೆ. ಆಕೆ ಸೂರ್ಯನನ್ನಾಗಲಿ ಸ್ತಂಭವನ್ನಾಗಲಿ ನೋಡಲೇ ಇಲ್ಲ.